ಹೆಣ್ಣಿನ ದುಡಿಮೆಯ ಲೆಕ್ಕ
(ಗೋವಿನಕೋವಿಯ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ಹೆಂಗಸರ ಚರಿತ್ರೆ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ನೆರೆಯ ಶಿಕಾರಿಪುರ ಸೀಮೆಯ ಉಡುತಡಿಯಲ್ಲಿ ಹುಟ್ಟಿದ ಅಕ್ಕಮಹಾದೇವಿ 12ನೇ ಶತಮಾನದಲ್ಲೇ ಅರಮನೆಯನ್ನು ಧಿಕ್ಕರಿಸಿ ಕಲ್ಯಾಣಕ್ಕೆ ನಡೆದಳು; ಅಲ್ಲಮಪ್ರಭುವಿನ ಪ್ರಶ್ನೆಗಳಿಗೆ ಎದೆಗುಂದದೆ ಉತ್ತರ ಕೊಟ್ಟಳು. ಅದೇ ಸೀಮೆಯ ಈಸೂರು 1942ರಲ್ಲಿ ತಾನು ಸ್ವತಂತ್ರವೆಂದು ಸಾರಿತು. 1943ರಲ್ಲಿ ಗಲ್ಲಿಗೇರಿದ ಐವರು ಗಂಡಸರನ್ನು ನಾವು ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಜೀವಾವಧಿ ಶಿಕ್ಷೆಗೆ ಗುರಿಯಾದದ್ದು ಎಷ್ಟು ಮಂದಿಗೆ ಗೊತ್ತು? ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಮದರಾಸು ಶಾಸನಸಭೆಯ ಚುನಾವಣೆಗೆ ನಿಂತು ಅಲ್ಪ ಮತಗಳಿಂದ ಸೋತರು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿ ಜೈಲು ಕಂಡರು.

ಇವರನ್ನು ಹೊಗಳುವುದು ಸುಲಭ. ಹೆಣ್ಣಾಳಿಗೆ ಸರಿಯಾದ ಕೂಲಿ ಕೊಡುವುದೇ ಕಷ್ಟ! ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂಬ ಕಾನೂನು 1976ರಲ್ಲೇ ಬಂತು. ನಾಟಿ ಹಾಕುವ, ಕಳೆ ಕೀಳುವ ಕೈಗಳಿಗೆ ಅದು ತಲುಪಿತೇ? ದಿನವಿಡೀ ತಕ್ಕಡಿ ಹಿಡಿಯುವ ಮನೆಯಾಕೆಯ ಹೆಸರು ಅಂಗಡಿಯ ಲೈಸೆನ್ಸಿನಲ್ಲಿದೆಯೇ?

ಬಟವಾಡೆಯ ದಿನ ಮೊದಲನೆಯ ಪ್ರಶ್ನೆಯನ್ನು ಧಣಿಗೆ ಕೇಳಿರಿ. ಎರಡನೆಯದನ್ನು ಈ ರಾತ್ರಿಯೇ ನಿಮ್ಮನ್ನು ನೀವೇ ಕೇಳಿಕೊಳ್ಳಿರಿ.