ನಾರು, ಕಲ್ಲು, ಪ್ಲಾಸ್ಟಿಕ್: ಬಲ ಎಲ್ಲಿಂದ ಬರುತ್ತೆ?

ಕಾರಿನ ಬಾಗಿಲ ಒಳಗಡೆ ಪ್ಯಾನೆಲ್ ಇರುತ್ತಲ್ಲ, ಎಷ್ಟೋ ಕಾರುಗಳಲ್ಲಿ ಆ ಪ್ಲಾಸ್ಟಿಕ್ಕಿಗೆ ಸೆಣಬಿನಂಥ ನಾರು ಬೆರೆಸಿರ್ತಾರೆ. ಮುಖ್ಯ ಕಾರಣ ತೂಕ. ಗ್ಲಾಸ್ ಫೈಬರ್ ನೀರಿಗಿಂತ ಎರಡೂವರೆ ಪಟ್ಟು ಭಾರ, ಸೆಣಬು ಸುಮಾರು ಒಂದೂವರೆ ಪಟ್ಟು ಅಷ್ಟೇ.

ಆದ್ರೆ ನಾರನ್ನ ಸುಮ್ನೆ ಕತ್ತರಿಸಿ ಪಾಲಿಪ್ರೊಪಿಲೀನ್ ಜೊತೆ ಕಲಸಿದ್ರೆ ಬಲ ಬರಲ್ಲ. ಕೆಲವೊಮ್ಮೆ ಬರೀ ಪ್ಲಾಸ್ಟಿಕ್ಕಿಗಿಂತ ಬೇಗ ಮುರಿಯುತ್ತೆ. ನಾರಿನ ಸೆಲ್ಯುಲೋಸ್ ನೀರನ್ನ ಹೀರುವಂಥದ್ದು, ಪಾಲಿಪ್ರೊಪಿಲೀನ್ ಮೇಣದ ಥರ ನೀರನ್ನ ದೂರ ಇಡುತ್ತೆ. ಎರಡೂ ಅಂಟಿಕೊಳ್ಳಲ್ಲ. ಎಳೆದಾಗ ಭಾರ ನಾರಿಗೆ ದಾಟೋದೇ ಇಲ್ಲ, ನಾರು ಜಾರಿ ಹೊರಗೆ ಬಂದುಬಿಡುತ್ತೆ. ಮಾಡ್ಯೂಲ್ ಎರಡೂ ಸರಿ, ಇಂಟರ್‌ಫೇಸ್ ಕೆಟ್ಟಿದೆ. (ಮೆಟೀರಿಯಲ್ಸ್‌ನವರೂ ಅದನ್ನ ಇಂಟರ್‌ಫೇಸ್ ಅಂತಲೇ ಕರೀತಾರೆ!)

ಇದಕ್ಕೆ ಹಳೇ ಉಪಾಯ ಕಾಸ್ಟಿಕ್ ಸೋಡಾ. ಶೇ. 5ರ ಆಸುಪಾಸಿನ ದ್ರಾವಣದಲ್ಲಿ ನೆನೆಸಿದ್ರೆ ಮೇಣ, ಹೆಮಿಸೆಲ್ಯುಲೋಸ್ ಎಲ್ಲ ಹೋಗಿ ನಾರಿನ ಮೈ ಒರಟಾಗುತ್ತೆ, ಹಿಡಿತ ಸಿಗುತ್ತೆ. ದ್ರಾವಣ ಗಾಢವಾದ್ರೆ ನಾರೇ ಹಾಳು. ಇನ್ನೊಂದು, ಮಲೇಯಿಕ್ ಅನ್‌ಹೈಡ್ರೈಡ್ ಕಸಿ ಮಾಡಿದ ಪಾಲಿಪ್ರೊಪಿಲೀನನ್ನ ಸ್ವಲ್ಪ ಸೇರಿಸೋದು. ಅದರ ಒಂದು ತುದಿ ಸೆಲ್ಯುಲೋಸನ್ನ ಹಿಡಿಯುತ್ತೆ, ಉದ್ದನೆ ಬಾಲ ಪ್ಲಾಸ್ಟಿಕ್ಕಿನಲ್ಲಿ ಹೆಣೆದುಕೊಳ್ಳುತ್ತೆ. ಕೆಲವೇ ಶೇಕಡಾ ಸಾಕು. ನನ್ನ ಪ್ರಕಾರ ಕೊಟ್ಟ ದುಡ್ಡಿಗೆ ಹೆಚ್ಚು ಲಾಭ ಕೊಡೋದು ಇದೇ. ಅದಕ್ಕೂ ಮೊದಲು ನಾರನ್ನ ಚೆನ್ನಾಗಿ ಒಣಗಿಸಲೇಬೇಕು, ಇಲ್ಲದಿದ್ರೆ ಒಳಗಿನ ತೇವ ಆವಿಯಾಗಿ ಪೊಳ್ಳು ಬೀಳುತ್ತೆ. ಶಾಖವೂ 200 ಡಿಗ್ರಿ ಸೆಲ್ಸಿಯಸ್ ದಾಟಬಾರದು, ನಾರು ಕಪ್ಪಾಗುತ್ತೆ.

ಇಷ್ಟೆಲ್ಲ ಮಾಡಿದ್ರೂ ಸೆಣಬು ನೀರು ಕುಡಿದು ಉಬ್ಬೋದು ಪೂರ್ತಿ ನಿಲ್ಲಲ್ಲ. ಅಲ್ಲಿ ಕಲ್ಲಿನ ನಾರು ಸಹಾಯಕ್ಕೆ ಬರುತ್ತೆ. ಪುಣೆಯವರು ವೀಕೆಂಡ್ ಟ್ರೆಕ್‌ನಲ್ಲಿ ತುಳಿಯೋ ಸಹ್ಯಾದ್ರಿಯ ಕಪ್ಪು ಬಂಡೆ ಇದೆಯಲ್ಲ, ಬಸಾಲ್ಟ್, ಆ ಜಾತಿಯ ಕಲ್ಲನ್ನ 1,400 ಡಿಗ್ರಿಗೂ ಮೇಲೆ ಕರಗಿಸಿ ಎಳೆ ತೆಗೀತಾರೆ. ಎಲ್ಲಾ ಬಂಡೆಯೂ ಆಗಲ್ಲ, ರಾಸಾಯನಿಕ ಹದ ಸರಿ ಇರಬೇಕು. ಈ ಎಳೆ ಸೆಣಬಿಗಿಂತ ಹಲವು ಪಟ್ಟು ಬಲ, ನೀರನ್ನೂ ಹೀರಲ್ಲ. ಆದ್ರೆ ತೂಕ ಗಾಜಿನಷ್ಟೇ, ಅದಕ್ಕೇ ಪೂರ್ತಿ ಬಸಾಲ್ಟ್ ಹಾಕಿದ್ರೆ ಹಗುರ ಅನ್ನೋ ಲಾಭ ಹೋಯ್ತು.

ಹಾಗಾಗಿ ಮಧ್ಯದಲ್ಲಿ ಸೆಣಬು, ಮೇಲೆ ಕೆಳಗೆ ಬಸಾಲ್ಟ್ ಪದರ. ಹಲಗೆ ಬಾಗಿದಾಗ ಒತ್ತಡ ಹೊರಮೈಯಲ್ಲೇ ಜಾಸ್ತಿ, ಬಲ ಅಲ್ಲಿದ್ರೆ ಸಾಕು. ಸೆಣಬಿಗೆ ನೀರೂ ಅಷ್ಟು ಬೇಗ ತಲುಪಲ್ಲ. ಕತ್ತರಿಸಿದ ಅಂಚನ್ನ ಮಾತ್ರ ಮುಚ್ಚಬೇಕು, ನೀರು ನುಗ್ಗೋದು ಅಲ್ಲಿಂದಲೇ.

ಯಾರಾದ್ರೂ 'ಗ್ರೀನ್ ಕಾಂಪೊಸಿಟ್' ಅಂತ ಮಾರೋಕೆ ಬಂದ್ರೆ, ನೀರಲ್ಲಿ ನೆನೆಸಿದ ಮೇಲೆ ಎಷ್ಟು ಬಲ ಉಳಿಯುತ್ತೆ ಅಂತ ಕೇಳಿ. ಬ್ರೋಷರ್‌ನಲ್ಲಿ ಸಾಮಾನ್ಯವಾಗಿ ಒಣಗಿದ್ದಾಗಿನ ಅಂಕಿ ಇರುತ್ತೆ.