ಧರ್ಮಪುರದ ಹೊಲ, ಹೊರನಾಡಿನ ಪೇಟೆ

ರಫ್ತು ಎಂಬ ಮಾತು ನಮಗೆ ಪಾರಸಿಯಿಂದ ಬಂದದ್ದು. ಆ ಭಾಷೆಯಲ್ಲಿ ಅದಕ್ಕೆ ‘ಹೋಯಿತು’ ಎಂದರ್ಥ. ಅದರ ಜೊತೆಗಾರನಾದ ಆಮದಿಗೆ ‘ಬಂದಿತು’ ಎಂದು. ಮಾತು ಹೊರಗಿನದಾದರೂ ಕಸುಬು ಹೊರಗಿನದಲ್ಲ. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಬಗೆಬಗೆಯ ತೆರಿಗೆ ಸುಂಕಗಳ ಹೆಸರು ಚಾಲುಕ್ಯರ ಕಾಲದ ಶಾಸನಗಳಲ್ಲಿ ಸಿಗುತ್ತವೆ. ಅಯ್ಯಾವೊಳೆ ಐನೂರ್ವರ ಹೆಸರು ಹೊತ್ತ ವರ್ತಕರು ಸಮುದ್ರ ದಾಟಿ ಸುಮಾತ್ರಾ ದ್ವೀಪದಲ್ಲಿ 1088ರಲ್ಲಿ ಒಂದು ತಮಿಳು ಶಾಸನವನ್ನೇ ನಿಲ್ಲಿಸಿದರು. ಸರಕು ಹೊರಗೆ ಹೋಗಬೇಕೋ ಬೇಡವೋ ಎಂಬ ತಕರಾರು ನಮ್ಮಲ್ಲಿ ಹೊಸದೇನೂ ಅಲ್ಲ.

ಅಭಿವೃದ್ಧಿ ಹೊಂದುತ್ತಿರುವ ದೇಶಗಳು ರಫ್ತನ್ನು ಹೆಚ್ಚಿಸಬೇಕೆಂದು ಎಲ್ಲರೂ ಹೇಳುತ್ತಾರೆ. ಸರಿಯೆ. ಆದರೆ ಬೆಳೆದ ಪದಾರ್ಥ ಹೊರನಾಡಿಗೆ ಹೋಗುವುದೂ ಇಲ್ಲೇ ಉಳಿಯುವುದೂ ಯಾವುದರಿಂದ ನಿಶ್ಚಯವಾಗುತ್ತದೆ? ಇದನ್ನು ಹಿರಿಯೂರು ತಾಲ್ಲೂಕಿನ ಧರ್ಮಪುರದ ಹೊಲದ ಬದುವಿನ ಮೇಲೆ ನಿಂತು ನೋಡಿದರೆ ನಿಮಗೆ ಹೆಚ್ಚು ತಿಳಿಯಾದೀತು. ಆಂಧ್ರದ ಗಡಿಗೆ ಅಂಟಿಕೊಂಡ ಹೋಬಳಿ ಅದು. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ ಅಲ್ಲಿಗೆ ದೂರವಿಲ್ಲ. ಮಳೆ ಕಡಿಮೆ, ಅದೂ ನಂಬಿ ಕೂರುವಂಥದಲ್ಲ. ಶೇಂಗಾ ಆ ಸೀಮೆಯ ಹಳೆಯ ಬೆಳೆ. ಈರುಳ್ಳಿಗೆ ಇಡೀ ಚಿತ್ರದುರ್ಗ ಜಿಲ್ಲೆಯೇ ಹೆಸರುವಾಸಿ.

ಮೊದಲು ಹಣದ ಮಾತು. 1966ರ ಜೂನ್ 6ರಂದು ನಮ್ಮ ರೂಪಾಯಿಯ ಬೆಲೆಯನ್ನು ಇಳಿಸಿದರು. ಅದುವರೆಗೆ ನೂರು ಡಾಲರಿನ ಸರಕು ಮಾರಿದವನ ಕೈಗೆ 476 ರೂಪಾಯಿ ಬರುತ್ತಿತ್ತು, ಮರುದಿನದಿಂದ 750. ಇದನ್ನು ಕೇಳಿದ ಯಾರಾದರೂ ಇನ್ನು ರಫ್ತು ಉಕ್ಕಿ ಹರಿಯುತ್ತದೆ ಎಂದೇ ಭಾವಿಸುತ್ತಾರೆ. ಹಾಗಾಗಲಿಲ್ಲ. ರಫ್ತುದಾರರಿಗೆ ಕೊಡುತ್ತಿದ್ದ ಸಹಾಯಧನವನ್ನು ಅದೇ ಗಳಿಗೆಯಲ್ಲಿ ಹಿಂದಕ್ಕೆ ತೆಗೆದುಕೊಂಡರು. ಸೆಣಬು, ಚಹಾ ಮುಂತಾದವುಗಳ ಮೇಲೆ ರಫ್ತು ಸುಂಕ ಹೇರಿದರು. ಅದಕ್ಕಿಂತ ದೊಡ್ಡದು, 1965ರಲ್ಲೂ 1966ರಲ್ಲೂ ಮಳೆ ಕೈಕೊಟ್ಟಿತು. ಕಣದಲ್ಲಿ ಕಾಳಿಲ್ಲದವನಿಗೆ ಡಾಲರಿನ ದರ ಏರಿದರೇನು, ಇಳಿದರೇನು? ನಾಣ್ಯದ ಬೆಲೆ ರಫ್ತಿಗೆ ಬೇಕಾದದ್ದೇ, ಆದರೆ ಅದು ಬೆಳೆಯ ಜಾಗದಲ್ಲಿ ನಿಲ್ಲಲಾರದು.

ಬೆಳೆ ಬಂದಿತೆನ್ನಿ. ಆಗ ಗುಣದ ಪ್ರಶ್ನೆ ಏಳುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತುಬಿದ್ದವು. ಕಾರಣ ಹುಡುಕಿದಾಗ ಸಿಕ್ಕಿದ್ದು ಬ್ರೆಜಿಲಿನಿಂದ ಬಂದ ಶೇಂಗಾ ಹಿಂಡಿಯಲ್ಲಿದ್ದ ಬೂಷ್ಟಿನ ವಿಷ. ಅದಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಿಟ್ಟರು. ಆಮೇಲೆ ಒಂದೊಂದು ದೇಶವೂ ಮಿತಿಯನ್ನು ಗೊತ್ತುಮಾಡಿತು. ನೇರವಾಗಿ ತಿನ್ನುವ ಶೇಂಗಾಕ್ಕೆ ಯುರೋಪಿನ ಒಕ್ಕೂಟ ಇಟ್ಟಿರುವ ಮಿತಿ ಕಿಲೋ ಒಂದಕ್ಕೆ 4 ಮೈಕ್ರೊಗ್ರಾಂ. ಎಂದರೆ ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿ ಅದರಲ್ಲಿ ನಾಲ್ಕು ಪಾಲು.

ಈಗ ಧರ್ಮಪುರದ ಕಡೆಗೆ ತಿರುಗಿ. ಈ ಬೂಷ್ಟು ಬಲಿಯುವುದು ಕಾಯಿ ಕಟ್ಟುವ ಹೊತ್ತಿಗೆ ಮಳೆ ನಿಂತು ನೆಲ ಕಾದಾಗ; ಕಿತ್ತ ಬಳ್ಳಿ ಸರಿಯಾಗಿ ಒಣಗದಿದ್ದಾಗ. ಮೊದಲನೆಯದು ಆ ಸೀಮೆಯ ಹಣೆಬರಹ. ಎರಡನೆಯದು ಕೈಯಲ್ಲಿರುವ ಕೆಲಸ: ಬಳ್ಳಿಯನ್ನು ಕಾಯಿ ಮೇಲಾಗಿ ಹರಡಿ ಒಣಗಿಸಬೇಕು, ಸಿಪ್ಪೆ ಸುಲಭವಾಗಿ ಬಿಡಲೆಂದು ಕಾಯಿಗೆ ನೀರು ಚಿಮುಕಿಸಬಾರದು. ಹೇಳುವುದು ಸುಲಭ. ಒಳ್ಳೆಯ ಕಣವಿಲ್ಲದ, ಸಾಲಗಾರ ಬಾಗಿಲಲ್ಲಿ ನಿಂತಿರುವ ಒಕ್ಕಲಿಗನು ಹಸಿಕಾಯಿಯನ್ನೇ ಮೂಟೆ ಕಟ್ಟುತ್ತಾನೆ. ನಾಲ್ಕು ದಿನ ಹೆಚ್ಚು ಒಣಗಿಸಿದರೆ ತೂಕ ಇಳಿಯುತ್ತದೆ. ಆ ನಷ್ಟಕ್ಕೆ ತಕ್ಕ ಬೆಲೆಯನ್ನು ಕೊಡುವವರಿಲ್ಲ. ಬಡತನ ಹೀಗೆ ಕಾಳಿನೊಳಗೇ ಸೇರಿಕೊಳ್ಳುತ್ತದೆ. ನಮ್ಮ ಶೇಂಗಾವನ್ನು ಹೆಚ್ಚಾಗಿ ಕೊಳ್ಳುವ ದೇಶಗಳಲ್ಲಿ ಇಂಡೋನೇಷ್ಯ ಮುಖ್ಯವಾದದ್ದು. ಹಿಂದೆ ಹೇಳಿದ ಸುಮಾತ್ರಾ ಆ ನಾಡಿನದೇ. ಐನೂರ್ವರ ಕಾಲದಲ್ಲಿ ಮೈಕ್ರೊಗ್ರಾಂ ಇರಲಿಲ್ಲ, ಪುಣ್ಯವಂತರು!

ಇನ್ನು ಈರುಳ್ಳಿ. ಇದರಲ್ಲಿ ನೀವೂ ಪಾಲುದಾರರು. ಮಹಾರಾಷ್ಟ್ರದ ಹಿಂಗಾರಿ ಈರುಳ್ಳಿಯನ್ನು ತಿಂಗಳುಗಟ್ಟಲೆ ಇಡಬಹುದು. ಚಿತ್ರದುರ್ಗದ ಮುಂಗಾರು ಈರುಳ್ಳಿಯಲ್ಲಿ ನೀರಿನ ಅಂಶ ಹೆಚ್ಚು. ಕಿತ್ತ ಮೇಲೆ ಬಹಳ ದಿನ ನಿಲ್ಲದು. ಆಗಸ್ಟ್ ಸೆಪ್ಟೆಂಬರಿಗೆ ದಾಸ್ತಾನು ಕರಗುತ್ತ ಬಂದು ಪಟ್ಟಣಗಳಲ್ಲಿ ಬೆಲೆ ಏರುತ್ತದೆ. ನೀವು ಗೊಣಗುತ್ತೀರಿ, ಪತ್ರಿಕೆಗಳು ಬರೆಯುತ್ತವೆ, ಸರ್ಕಾರ ಬಾಗಿಲು ಹಾಕುತ್ತದೆ. 2019ರಲ್ಲಿ ರಫ್ತು ನಿಷೇಧವಾದದ್ದು ಸೆಪ್ಟೆಂಬರ್ 29ರಂದು. 2020ರಲ್ಲಿ ಸೆಪ್ಟೆಂಬರ್ 14. 2023ರ ಆಗಸ್ಟಿನಲ್ಲಿ ನೂರಕ್ಕೆ ನಲವತ್ತು ಸುಂಕ, ಡಿಸೆಂಬರ್ 8ರಂದು ಪೂರ್ಣ ನಿಷೇಧ. ಈ ತಿಂಗಳುಗಳನ್ನು ಗಮನಿಸಿ: ಇವೆಲ್ಲ ನಮ್ಮ ಸೀಮೆಯ ಈರುಳ್ಳಿ ಕೀಳುವ, ಮಾರುವ ಕಾಲದ ಸುತ್ತಮುತ್ತಲಿನವು. ಬೇರೆಯವರ ದಾಸ್ತಾನು ಮುಗಿದದ್ದರಿಂದ ಏರಿದ ಬೆಲೆಗೆ ದಂಡ ತೆರುವವನು ಚಿತ್ರದುರ್ಗದ ರೈತ. ಕೋಲಾರ, ಚಿಕ್ಕಬಳ್ಳಾಪುರದ ಗುಲಾಬಿ ಈರುಳ್ಳಿಗೆ 2023ರ ಸೆಪ್ಟೆಂಬರಿನಲ್ಲಿ ಸುಂಕದ ವಿನಾಯಿತಿ ಸಿಕ್ಕಿತು, ಅದನ್ನು ಇಲ್ಲಿ ತಿನ್ನುವವರು ಕಡಿಮೆಯಾದ್ದರಿಂದ. ನಮ್ಮ ಜನ ತಿನ್ನುವ ಈರುಳ್ಳಿ ಬೆಳೆದದ್ದೇ ಇವನ ತಪ್ಪಾಯಿತು.

ನಮ್ಮ ಜಿಲ್ಲೆಯ ಇನ್ನೊಂದು ಸರಕಾದ ಕಬ್ಬಿಣದ ಅದಿರಿನ ರಫ್ತನ್ನು ರಾಜ್ಯ ಸರ್ಕಾರ 2010ರ ಜುಲೈಯಲ್ಲಿ ನಿಲ್ಲಿಸಿತು; ಸುಪ್ರೀಂ ಕೋರ್ಟು ಮತ್ತೆ ಅನುಮತಿ ಕೊಟ್ಟದ್ದು 2022ರ ಮೇಯಲ್ಲಿ. ಆ ನಿಷೇಧಕ್ಕೆ ನ್ಯಾಯವಾದ ಕಾರಣವಿತ್ತೆಂದೇ ನನ್ನ ಅಭಿಪ್ರಾಯ. ಅದಿರು ಹನ್ನೆರಡು ವರ್ಷವಾದರೂ ಅದಿರೇ. ಈರುಳ್ಳಿ ಹನ್ನೆರಡು ವಾರ ಕಾಯದು.

ಬಡವರ ಅಡುಗೆಮನೆಯನ್ನು ಸರ್ಕಾರ ಮರೆಯಬೇಕೆಂದು ನಾನು ಹೇಳುತ್ತಿಲ್ಲ. ಕೊಳ್ಳುವವನ ಕಡೆಯಿಂದಲೂ ಒಮ್ಮೆ ನೋಡಿ ಎನ್ನುತ್ತೇನೆ. 2019ರ ಅಕ್ಟೋಬರಿನಲ್ಲಿ ಬಾಂಗ್ಲಾದೇಶದ ಅಂದಿನ ಪ್ರಧಾನಿ ಷೇಖ್ ಹಸೀನಾ ದೆಹಲಿಗೆ ಬಂದಿದ್ದಾಗ, ತಮ್ಮ ಅಡಿಗೆಯವನಿಗೆ ಈರುಳ್ಳಿ ಹಾಕಬೇಡವೆಂದು ಹೇಳಿದ್ದಾಗಿ ಸಭೆಯಲ್ಲೇ ನಗುತ್ತ ಹೇಳಿದರು. ಮೊದಲೇ ತಿಳಿಸಿದ್ದರೆ ಬೇರೆ ಕಡೆಯಿಂದ ತರಿಸಿಕೊಳ್ಳುತ್ತಿದ್ದೆವು ಎಂಬ ಆಕ್ಷೇಪವೂ ಅದರೊಳಗಿತ್ತು. ಆ ವರ್ಷ ಅವರು ಈಜಿಪ್ಟ್, ಟರ್ಕಿಗಳಿಂದ ಈರುಳ್ಳಿ ತರಿಸಿಕೊಂಡರು, ವಿಮಾನದಲ್ಲಿ ಕೂಡ. ಮುಂದೆ ತಮ್ಮ ನೆಲದಲ್ಲೇ ಹೆಚ್ಚು ಬೆಳೆಯುವುದಕ್ಕೂ ಒತ್ತು ಕೊಟ್ಟರು.

2024ರ ಮೇಯಲ್ಲಿ ನಿಷೇಧ ಹೋಯಿತು, ಸುಂಕ ಉಳಿಯಿತು. ಸೆಪ್ಟೆಂಬರಿನಲ್ಲಿ ಅದು ನೂರಕ್ಕೆ ಇಪ್ಪತ್ತಾಯಿತು. 2025ರ ಏಪ್ರಿಲ್ 1ರಂದು ಪೂರ್ತಿ ಇಲ್ಲವಾಯಿತು. ಬಾಗಿಲು ತೆರೆದದ್ದು ನಿಜ. ಆದರೆ ಈ ನಡುವೆ ಬೇರೆ ಅಂಗಡಿಯ ದಾರಿ ಕಂಡುಕೊಂಡ ಗಿರಾಕಿ ಹಳೆಯ ಅಂಗಡಿಗೆ ಬಂದಾಗ ಹಳೆಯ ಬೆಲೆಯನ್ನು ಕೊಡುವುದಿಲ್ಲ.