ಗದ್ದಲವನ್ನು ನುಡಿಸುವವರು



ಬಾನುಲಿ ಪೆಟ್ಟಿಗೆಯ ಗುಂಡಿಯನ್ನು ತಿರುಗಿಸುತ್ತ ಒಂದು ನಿಲಯದಿಂದ ಮತ್ತೊಂದು ನಿಲಯಕ್ಕೆ ಹೋಗುವಾಗ ನಡುದಾರಿಯಲ್ಲಿ ಒಂದು ಸದ್ದು ಕೇಳಿಬರುತ್ತದೆ. ಕಾದ ಬಾಣಲೆಗೆ ನೀರು ಬಿದ್ದಂಥ ಚುರುಗುಟ್ಟುವಿಕೆ, ದೂರದಲ್ಲಿ ಮಳೆ ಬರುತ್ತಿರುವಂಥ ಸಪ್ಪಳ, ನಡುನಡುವೆ ಯಾರೋ ಸಿಳ್ಳೆ ಹಾಕಿದಂಥ ದನಿ, ಇವೆಲ್ಲ ಕಲಸಿದ ಸದ್ದು ಅದು. ನಾವು ಅದನ್ನು ಬೇಗ ದಾಟಿಬಿಡುತ್ತೇವೆ. ಭಾಷಣವೋ ಸಂಗೀತವೋ ಸಿಕ್ಕಿದ ಮೇಲೆ ನೆಮ್ಮದಿಯಿಂದ ಕುರ್ಚಿಗೆ ಒರಗುತ್ತೇವೆ. ಆ ನಡುದಾರಿಯಲ್ಲೇ ಬೀಡುಬಿಟ್ಟು, ಅಲ್ಲಿ ಸಿಕ್ಕುವ ಸದ್ದಿನಿಂದಲೇ ಒಂದು ಸಂಗೀತವನ್ನು ಕಟ್ಟಹೊರಟವರ ವಿಚಾರವನ್ನು ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಅವರ ಉಪಕರಣಗಳೇನು, ಅವುಗಳನ್ನು ಅವರು ನುಡಿಸಿದ ಬಗೆ ಯಾವುದು ಎಂಬುದೇ ನನ್ನ ಮಾತಿನ ಮುಖ್ಯ ಭಾಗ. ಆದರೆ ಈ ಸಂಗೀತದೊಡನೆ ನನಗೊಂದು ಸ್ವಂತ ಜಗಳವೂ ಇದೆ, ಅದನ್ನು ಬಚ್ಚಿಡಲಾರೆ.

ಕ್ರಮಬದ್ಧವಾದ ಕಂಪನದಿಂದ ನಾದ ಹುಟ್ಟುತ್ತದೆ, ಕ್ರಮವಿಲ್ಲದ ಕಂಪನದಿಂದ ಗದ್ದಲ ಹುಟ್ಟುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತೆವು. ಈ ಗೆರೆಯನ್ನು ಅಳಿಸಹೊರಟವರಲ್ಲಿ ಮೊದಲು ನೆನೆಯಬೇಕಾದ ಹೆಸರು ಇಟಲಿಯ ಲುಯಿಜಿ ರುಸ್ಸೊಲೊ ಅವರದು. ವೃತ್ತಿಯಿಂದ ಅವರು ಚಿತ್ರಕಾರರು. 1913ರ ಮಾರ್ಚ್ 11ರಂದು ಸಂಗೀತರಚನಕಾರ ಪ್ರಾಟೆಲ್ಲಾ ಅವರಿಗೆ ಒಂದು ಬಹಿರಂಗ ಪತ್ರ ಬರೆದು, ಯಂತ್ರಯುಗದ ಕಿವಿಗೆ ಪಿಟೀಲು ಕೊಳಲುಗಳ ಚಿಕ್ಕ ಬಳಗ ಸಾಲದು ಎಂದು ವಾದಿಸಿದರು. ಮೊರೆತ ಮತ್ತು ಸ್ಫೋಟ, ಸಿಳ್ಳೆ ಮತ್ತು ಬುಸುಗುಡುವಿಕೆ, ಪಿಸುಮಾತು ಮತ್ತು ಗೊಣಗಾಟ, ಕಿರುಗುಟ್ಟುವಿಕೆ ಮತ್ತು ಉಜ್ಜಾಟ, ಲೋಹ ಮರ ಚರ್ಮ ಕಲ್ಲುಗಳ ಬಡಿತ, ಪ್ರಾಣಿಗಳ ಮತ್ತು ಮನುಷ್ಯರ ಕೂಗು, ಹೀಗೆ ಸದ್ದುಗಳನ್ನು 6 ಕುಲಗಳಾಗಿ ವಿಂಗಡಿಸಿದರು. ಬರೆದು ಸುಮ್ಮನಾಗದೆ ವಾದ್ಯಗಳನ್ನೂ ಮಾಡಿಸಿದರು. ಗದ್ದಲಕ್ಕೆ ಶ್ರುತಿ ಕೊಡುವ ಪೆಟ್ಟಿಗೆಗಳು ಎಂಬ ಅರ್ಥದ ಹೆಸರನ್ನು ಅವಕ್ಕೆ ಇಟ್ಟರು.

ಹೊರಗಿನಿಂದ ನೋಡಿದರೆ ಅದೊಂದು ಮರದ ಪೆಟ್ಟಿಗೆ, ಅದರ ಮುಂದೆ ಹಳೆಯ ಗ್ರಾಮಫೋನಿನದರಂಥ ಕಹಳೆ. ಒಳಗೆ ಒಂದು ತಂತಿ. ಅದರ ತುದಿ ಮದ್ದಳೆಯ ಮುಚ್ಚಿಗೆಯಂಥ ಒಂದು ಬಿಗಿದ ಚರ್ಮಕ್ಕೆ ಸೇರಿರುತ್ತದೆ. ಹಿಡಿಕೆಯನ್ನು ತಿರುವಿದರೆ ಒಳಗಿನ ಗಾಲಿ ತಂತಿಯನ್ನು ಉಜ್ಜುತ್ತದೆ. ಇನ್ನೊಂದು ಕೈಯಲ್ಲಿ ಸನ್ನೆಯನ್ನು ಸರಿಸಿದರೆ ತಂತಿಯ ಬಿಗಿ ಹೆಚ್ಚುಕಡಿಮೆಯಾಗಿ ಮೊರೆತ ಏರುತ್ತದೆ, ಇಳಿಯುತ್ತದೆ. ನಮ್ಮ ಗಮಕದಂತೆ ಅದು ಸ್ವರದಿಂದ ಸ್ವರಕ್ಕೆ ಹಾರದೆ ಜಾರಬಲ್ಲದು. 1914ರ ಏಪ್ರಿಲ್ 21ರಂದು ಮಿಲಾನ್ ನಗರದಲ್ಲಿ ಇವುಗಳ ಕಛೇರಿ ನಡೆದಾಗ ಸಭಿಕರು ಕೂಗಾಡಿ, ಕೈಕೈ ಮಿಲಾಯಿಸುವವರೆಗೂ ಹೋಯಿತು. ವೇದಿಕೆಯ ಗದ್ದಲವನ್ನು ಸಭೆಯ ಗದ್ದಲವೇ ನುಂಗಿತು. ಆ ಮೂಲ ಪೆಟ್ಟಿಗೆಗಳಲ್ಲಿ ಇಂದು ಒಂದೂ ಉಳಿದಿಲ್ಲ. ಉಳಿದ ಚಿತ್ರಗಳನ್ನೂ ಬರಹಗಳನ್ನೂ ನೋಡಿ ಮುಂದಿನವರು ಅವನ್ನು ಮತ್ತೆ ಕಟ್ಟಿದ್ದಾರೆ.

ನನ್ನ ಜಗಳ ಹುಟ್ಟಿದ್ದು ಇಲ್ಲಿಯೇ. ರುಸ್ಸೊಲೊ ಅವರು ಕಾರ್ಖಾನೆಯ ಸದ್ದನ್ನು ಕೊಂಡಾಡಿದ್ದನ್ನು ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂದಿತು. ನಮ್ಮ ತಂದೆಯವರು ವಿದ್ಯುತ್ ಮಗ್ಗಗಳ ಒಂದು ಕೊಟ್ಟಡಿಯಲ್ಲಿ 26 ವರ್ಷ ದುಡಿದವರು. ತಗಡಿನ ಮಾಡಿನ ಕೆಳಗೆ 12 ಮಗ್ಗಗಳು. ಒಂದೊಂದರಲ್ಲೂ ಲಾಳಿ ಈ ಕಡೆಯಿಂದ ಆ ಕಡೆಗೆ ಬಡಿದು ಮರಳುತ್ತಿತ್ತು. ಮಧ್ಯಾಹ್ನ ಬುತ್ತಿ ಕೊಡಲು ಹೋದ ನಾನು ಬಾಗಿಲಲ್ಲೇ ಕಿವಿ ಮುಚ್ಚಿಕೊಂಡು ನಿಲ್ಲುತ್ತಿದ್ದೆ. ಕಿವಿಗೆ ಇಟ್ಟುಕೊಳ್ಳಲು ಒಂದು ಚೂರು ಹತ್ತಿಯನ್ನೂ ಯಾರೂ ಕೊಟ್ಟಿರಲಿಲ್ಲ. ಹತ್ತಿಯ ನೂಲಿನ ನಡುವೆಯೇ ನಿಂತವರಿಗೆ! 50 ತುಂಬುವ ಹೊತ್ತಿಗೆ ಅವರಿಗೆ ಹಕ್ಕಿಯ ದನಿ ಕೇಳಿಸದಾಯಿತು. ಆಮೇಲೆ ಮಕ್ಕಳ ಮಾತು. ಗದ್ದಲದಿಂದ ಕೆಡುವ ಕಿವಿ ಮೊದಲು ಎತ್ತರದ ದನಿಗಳನ್ನೇ ಕಳೆದುಕೊಳ್ಳುತ್ತದೆ ಎಂದು ವೈದ್ಯರು ಹೇಳುತ್ತಾರೆ. ಸ ಯಾವುದು, ಶ ಯಾವುದು, ತ ಯಾವುದು ಎಂಬುದು ತಿಳಿಯದೆ ಮಾತೆಲ್ಲ ಬರಿಯ ಸ್ವರಗಳ ಗೊಣಗಾಟವಾಗುತ್ತದೆ. ಇಂಥ ಮನೆಯಲ್ಲಿ ಬೆಳೆದವನಿಗೆ ಕಾರ್ಖಾನೆಯೇ ಸಂಗೀತವೆಂದು ಒಬ್ಬ ಚಿತ್ರಕಾರರು ಹೇಳಿದರೆ ಹೇಗೆ ಒಪ್ಪಿಗೆಯಾದೀತು?

ಆದರೂ ನಾನು ಓದುವುದನ್ನು ಬಿಡಲಿಲ್ಲ. ಮುಂದೆ ಸಿಕ್ಕಿದವರು ಪ್ಯಾರಿಸ್ ಬಾನುಲಿಯ ತಂತ್ರಜ್ಞ ಪಿಯೆರ್ ಶೆಫರ್. 1948ರಲ್ಲಿ ಅವರು ಯಂತ್ರದೊಡನೆ ರೈಲು ನಿಲ್ದಾಣಕ್ಕೆ ಹೋಗಿ, ಉಗಿಬಂಡಿಗಳ ಏದುಸಿರನ್ನೂ ಗಾಲಿಗಳ ತಾಳವನ್ನೂ ತಟ್ಟೆಗಳ ಮೇಲೆ ಕೊರೆಸಿ ತಂದರು. ಅದೇ ವರ್ಷ ಅಕ್ಟೋಬರ್ 5ರಂದು ಗದ್ದಲಗಳ ಕಛೇರಿ ಎಂಬ ಹೆಸರಿನಲ್ಲಿ ಅದು ಪ್ರಸಾರವಾಯಿತು. ಅವರ ಕೈಗೆ ಸಿಕ್ಕ ದೊಡ್ಡ ಉಪಾಯವೆಂದರೆ ಮುಚ್ಚಿದ ಗೆರೆ. ತಟ್ಟೆಯ ಗೆರೆ ಸುರುಳಿಯಾಗಿ ಒಳಗೆ ಸಾಗುವುದು ವಾಡಿಕೆ. ಅದನ್ನು ತನ್ನ ಬಾಲವನ್ನೇ ಕಚ್ಚುವ ಹಾವಿನಂತೆ ಕೊರೆದರೆ ಮುಳ್ಳು ಅದೇ ಜಾಗದಲ್ಲಿ ಸುತ್ತುತ್ತದೆ. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯಲ್ಲಿ ಇಂಥ ಒಂದು ಸುತ್ತು ಮುಕ್ಕಾಲು ಸೆಕೆಂಡಿಗಿಂತ ತುಸು ಹೆಚ್ಚು. ಒಂದು ಕೆಮ್ಮು, ಒಂದು ಬಾಗಿಲ ಕಿರುಗು ಇಪ್ಪತ್ತು ಸಲ, ಮೂವತ್ತು ಸಲ ಮರುಕಳಿಸುತ್ತದೆ. ಆಗ ಒಂದು ವಿಚಿತ್ರ ನಡೆಯುತ್ತದೆ: ಇದು ಬಾಗಿಲು ಎಂಬುದನ್ನು ಕಿವಿ ಮರೆತು, ಆ ಸದ್ದಿನ ಏರಿಳಿತವನ್ನಷ್ಟೇ ಹಿಡಿಯತೊಡಗುತ್ತದೆ. ಗಂಟೆಯ ಸದ್ದಿನಿಂದ ಬಡಿತದ ಮೊದಲ ಕ್ಷಣವನ್ನು ಕತ್ತರಿಸಿ ಉಳಿದುದನ್ನು ಕೇಳಿಸಿದಾಗ ಅದು ಗಂಟೆಯೆಂದು ಗುರುತಿಸುವುದೇ ಕಷ್ಟವಾಯಿತು. ಊದುವ ವಾದ್ಯದ ಹಾಗೆ ಕೇಳಿಸಿತು. ಒಂದು ಸದ್ದಿನ ಚಹರೆ ಬಹುಮಟ್ಟಿಗೆ ಅದರ ಹುಟ್ಟಿನ ಕ್ಷಣದಲ್ಲೇ ಇದೆ ಎಂಬುದನ್ನು ಶೆಫರ್ ಹೀಗೆ ಕಂಡುಕೊಂಡರು.

ತಟ್ಟೆಯ ಹಿಂದೆ ಧ್ವನಿಸುರುಳಿ ಬಂದಿತು. ಗದ್ದಲವನ್ನು ಕತ್ತರಿಯಿಂದ ಕತ್ತರಿಸಿ ಅಂಟಿಸುವುದು ಸಾಧ್ಯವಾಯಿತು. ಸೆಕೆಂಡಿಗೆ 38 ಸೆಂಟಿಮೀಟರ್ ಓಡುವ ಯಂತ್ರದಲ್ಲಿ 38 ಸೆಂಟಿಮೀಟರ್ ಪಟ್ಟಿಯ ಎರಡು ತುದಿಗಳನ್ನು ಅಂಟಿಸಿದರೆ ಸರಿಯಾಗಿ ಒಂದು ಸೆಕೆಂಡಿನ ಬಳೆ ಸಿದ್ಧ. ನೆಟ್ಟಗೆ ಕತ್ತರಿಸಿದರೆ ಸದ್ದು ಥಟ್ಟನೆ ಬದಲಾಗುತ್ತದೆ, ಓರೆಯಾಗಿ ಕತ್ತರಿಸಿದರೆ ಒಂದರೊಳಗೆ ಒಂದು ಕರಗುತ್ತದೆ. ಓಟವನ್ನು ಅರ್ಧಕ್ಕಿಳಿಸಿದರೆ ಸದ್ದು ಒಂದು ಸ್ಥಾಯಿ ಕೆಳಗಿಳಿದು ಎರಡು ಪಟ್ಟು ಉದ್ದವಾಗುತ್ತದೆ. ಗುಬ್ಬಿಯ ಚಿಲಿಪಿಲಿ ಯಾವುದೋ ದೊಡ್ಡ ಪ್ರಾಣಿಯ ನರಳಾಟವಾಗುತ್ತದೆ. ಇಂದು ಈ ಕೆಲಸವನ್ನೆಲ್ಲ ಗಣಕಯಂತ್ರ ಮಾಡಿಕೊಡುತ್ತದೆ. ಆದರೆ ಕತ್ತರಿಸು, ಅಂಟಿಸು, ಮರುಕಳಿಸು, ನಿಧಾನಿಸು ಎಂಬ ವ್ಯಾಕರಣ ಆ ಕತ್ತರಿಯ ಕಾಲದ್ದೇ.

ಶೆಫರ್ ಸದ್ದನ್ನು ಹಿಡಿದಿಟ್ಟರೆ, ಅಮೆರಿಕದ ಜಾನ್ ಕೇಜ್ ಅದನ್ನು ಬಂದಂತೆ ಬರಗೊಟ್ಟರು. 1951ರ ಮೇ 10ರಂದು ನ್ಯೂಯಾರ್ಕಿನಲ್ಲಿ ಅವರ ಒಂದು ರಚನೆಯ ಪ್ರಯೋಗವಾಯಿತು. ವಾದ್ಯಗಳು 12 ಬಾನುಲಿ ಪೆಟ್ಟಿಗೆಗಳು, ವಾದಕರು 24 ಮಂದಿ. ಒಂದೊಂದು ಪೆಟ್ಟಿಗೆಗೆ ಇಬ್ಬರು. ಒಬ್ಬರು ನಿಲಯದ ಗುಂಡಿಯನ್ನೂ ಇನ್ನೊಬ್ಬರು ದನಿಯ ಗುಂಡಿಯನ್ನೂ ಬರೆದಿಟ್ಟ ಸಂಜ್ಞೆಗಳಂತೆ ತಿರುಗಿಸಬೇಕು. ಗಾಳಿಯಲ್ಲಿ ಆ ಗಳಿಗೆಗೆ ಏನಿದೆಯೋ ಅದೇ ಸಂಗೀತ. ಸರದಿ ಬರುವಷ್ಟರಲ್ಲಿ ಹೊತ್ತು ಮಧ್ಯರಾತ್ರಿಯನ್ನು ಸಮೀಪಿಸಿ ಅನೇಕ ನಿಲಯಗಳು ಮುಚ್ಚಿದ್ದವು. ಕೇಳಿಸಿದ್ದರಲ್ಲಿ ಹೆಚ್ಚಿನದು ಮೌನ ಮತ್ತು ಆ ನಡುದಾರಿಯ ಚುರುಗುಟ್ಟುವಿಕೆ. ಇದನ್ನು ಓದಿ ನಾನು ನಕ್ಕೆ. ಆದರೆ ಗುಂಡಿಯ ಮೇಲೆ ಒಬ್ಬರ ಕೈ ಇರಬೇಕೆಂದು ರಚನಕಾರರೇ ವಿಧಿಸಿದ್ದು ನನ್ನ ಮನಸ್ಸಿನಲ್ಲಿ ಉಳಿಯಿತು.

ಈ ಪಂಥದವರ ಉಪಕರಣಗಳನ್ನು ನೋಡುತ್ತ ಹೋದರೆ ಒಂದು ಮಾತು ಹೊಳೆಯುತ್ತದೆ. ಇವುಗಳಲ್ಲಿ ಬಹುಪಾಲು ಸಾಧನಗಳು ಶುದ್ಧವಾದ ದನಿಯನ್ನು ನಮಗೆ ತಲುಪಿಸಲೆಂದು ಹುಟ್ಟಿದವು. ಯಾವ ಕೊರತೆಯನ್ನು ತಂತ್ರಜ್ಞರು ಅಡಗಿಸಲು ಹೆಣಗುತ್ತಾರೋ ಅದನ್ನೇ ಇವರು ಮುಂದಿಡುತ್ತಾರೆ. ಸಭೆಗಳಲ್ಲಿ ಮೈಕು ಕುಂಯ್ ಎಂದು ಕೂಗುವುದನ್ನು ನೀವೆಲ್ಲ ಕೇಳಿದ್ದೀರಿ. ಧ್ವನಿವರ್ಧಕದ ಸದ್ದು ಮತ್ತೆ ಮೈಕಿಗೇ ಬಿದ್ದು, ಹಿಗ್ಗಿ, ಸುತ್ತು ಹಾಕುವುದರಿಂದ ಹುಟ್ಟುವ ಕೂಗು ಅದು. ಸ್ಟೀವ್ ರೈಶ್ 1968ರಲ್ಲಿ ಮೈಕುಗಳನ್ನೇ ತೊಟ್ಟಿಲಂತೆ ತೂಗಬಿಟ್ಟು, ಧ್ವನಿವರ್ಧಕದ ಮೇಲೆ ಹಾದಾಗಲೆಲ್ಲ ಒಂದು ಕೂಗು ಹುಟ್ಟುವಂತೆ ಮಾಡಿದರು. ತೂಗಾಟ ನಿಂತಾಗ ಕೂಗು ಒಂದೇ ಎಳೆಯಾಗುತ್ತದೆ. ಜಪಾನಿನ ತೊಶಿಮಾರು ನಾಕಾಮುರಾ ಹಲವು ದನಿಗಳನ್ನು ಬೆರೆಸುವ ಯಂತ್ರದ ಹೊರಬಾಗಿಲನ್ನು ಅದರ ಒಳಬಾಗಿಲಿಗೇ ಜೋಡಿಸಿದರು. ಹೊರಗಿನಿಂದ ಒಂದು ದನಿಯೂ ಒಳಹೋಗುವುದಿಲ್ಲ. ಯಂತ್ರ ತನ್ನ ಉಸಿರನ್ನೇ ತಾನು ಹಾಡುತ್ತದೆ.

ಇನ್ನೊಂದು ಉಪಕರಣ ಬಡವರಿಗೂ ಎಟುಕುವಂಥದು. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆ ಎಂದು ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದ್ದರು. ಆ ಗುಣವಿರುವ, ಆಟಿಕೆಗಳಲ್ಲಿ ಗುಂಯ್‌ಗುಡುವ ತೆಳ್ಳನೆಯ ಹಿತ್ತಾಳೆ ಬಿಲ್ಲೆಗೆ ಎರಡು ತಂತಿಗಳನ್ನು ಬೆಸೆದರೆ ಅದು ಒಂದು ಬಗೆಯ ಮೈಕು. ಇದು ಗಾಳಿಯ ಮಾತಿಗೆ ಬಹುಮಟ್ಟಿಗೆ ಕಿವುಡು. ತಾನು ಅಂಟಿಕೊಂಡ ವಸ್ತುವಿನ ಮೈಯ ನಡುಕ ಮಾತ್ರ ಇದಕ್ಕೆ ಕೇಳಿಸುತ್ತದೆ. ಮೆರ್ಜ್‌ಬೊ ಎಂಬ ಹೆಸರಿನಲ್ಲಿ 1979ರಿಂದ ಗದ್ದಲವನ್ನು ನುಡಿಸುತ್ತಿರುವ ಜಪಾನಿನ ಮಸಾಮಿ ಅಕಿತಾ ಅವರು ತಗಡು, ಸ್ಪ್ರಿಂಗುಗಳಿಗೆ ಇಂಥ ಮೈಕುಗಳನ್ನು ತಗುಲಿಸಿ, ಆ ನಡುಕವನ್ನು ಹಲವು ಪಟ್ಟು ಹಿಗ್ಗಿಸಿ ಗೋಡೆಯಂತೆ ನಿಲ್ಲಿಸುತ್ತಾರೆ.

ನಮ್ಮ ದೇಶ ಇದರಿಂದ ದೂರವಿತ್ತೆಂದು ತಿಳಿಯಬೇಡಿ. 1946ರಲ್ಲಿ ನ್ಯೂಯಾರ್ಕಿಗೆ ಹೋದ ಗೀತಾ ಸಾರಾಭಾಯ್ ಅವರು ಕೇಜ್‌ಗೆ ನಮ್ಮ ಸಂಗೀತದ ತತ್ತ್ವವನ್ನು ತಿಳಿಸಿ ಅವರಿಂದ ಪಶ್ಚಿಮದ ಸಂಗೀತವನ್ನು ಕಲಿತರು. ಮನಸ್ಸನ್ನು ಶಾಂತಗೊಳಿಸುವುದೇ ಸಂಗೀತದ ಉದ್ದೇಶ ಎಂಬ ಮಾತನ್ನು ಕೇಜ್ ಅವರಿಂದಲೇ ಪಡೆದರು. 1969ರಲ್ಲಿ ಕೇಜ್‌ರ ಸಂಗಾತಿ ಡೇವಿಡ್ ಟ್ಯೂಡರ್ ಅಹಮದಾಬಾದಿಗೆ ಬಂದು, ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಎಂಬ ವಿದ್ಯುತ್ ವಾದ್ಯದ ಶಾಲೆಯನ್ನು ನೆಲೆಗೊಳಿಸಿದರು. ಬಿಳಿಯ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇರುವಂತೆ ಎಲ್ಲ ಕಂಪನಗಳೂ ಸಮನಾಗಿ ಸೇರಿದ ಬಿಳಿಯ ಸದ್ದನ್ನು ಇಂಥ ಯಂತ್ರ ಹುಟ್ಟಿಸಬಲ್ಲದು. ಸೋಸಿ ತಗ್ಗಿನದನ್ನು ಉಳಿಸಿಕೊಂಡರೆ ಕಡಲು, ಎತ್ತರದ್ದನ್ನು ಉಳಿಸಿಕೊಂಡರೆ ಹಬೆ. ಗೀತಾ ಸಾರಾಭಾಯ್, ಐ. ಎಸ್. ಮಾಥುರ್, ಅತುಲ್ ದೇಸಾಯಿ, ಎಸ್. ಸಿ. ಶರ್ಮಾ, ಜಿನರಾಜ್ ಜೋಶಿಪುರ ಮೊದಲಾದವರು 1972ರವರೆಗೆ ಅಲ್ಲಿ ರಚಿಸಿದ ಸುರುಳಿಗಳು ಬಹುಕಾಲ ಕಪಾಟಿನಲ್ಲಿ ಮಲಗಿದ್ದು, 2017ರಲ್ಲಿ ಮತ್ತೆ ಕಣ್ಣಿಗೆ ಬಿದ್ದು, 2023ರಲ್ಲಿ ಧ್ವನಿಮುದ್ರಿಕೆಯಾಗಿ ಹೊರಬಂದವು.

ಈಗ ನನ್ನ ಜಗಳಕ್ಕೆ ಮರಳುತ್ತೇನೆ. 85 ಡೆಸಿಬೆಲ್ ಮೀರಿದ ಸದ್ದಿನಲ್ಲಿ ದಿನಕ್ಕೆ 8 ಗಂಟೆ ವರ್ಷಾನುಗಟ್ಟಲೆ ನಿಂತರೆ ಕಿವಿ ಕೆಡುತ್ತದೆ ಎಂಬುದು ತಿಳಿದ ಸಂಗತಿ. ಗದ್ದಲದ ಕಛೇರಿಗಳಲ್ಲಿ ಇದಕ್ಕಿಂತ ಹೆಚ್ಚು ಸದ್ದಾಗುವುದೂ ಉಂಟು. ಅರಿತವರು ಕಿವಿಗೆ ಬಿರಡೆ ಇಟ್ಟುಕೊಂಡೇ ಕೂರುತ್ತಾರೆ. ಹಾಗಾದರೆ ಮಗ್ಗದ ಕೊಟ್ಟಡಿಗೂ ಈ ಕಛೇರಿಗೂ ಭೇದವೇನು? ಬಿರಡೆ ಇದೆ, ಬಾಗಿಲಿದೆ, ಗುಂಡಿಯಿದೆ. ಕುಳಿತವನು ಬೇಕೆಂದು ಕುಳಿತಿದ್ದಾನೆ. ಕಂಪನದ ಕ್ರಮವನ್ನು ಅಳೆದು ಗೆರೆ ಎಳೆಯುವ ಪಾಠಪುಸ್ತಕ ನನಗೆ ಈಗ ಸಾಲದು. ಒಲ್ಲೆನೆಂದರೂ ಬಿಡದೆ ಮೇಲೆ ಬೀಳುವುದು ಗದ್ದಲ. ತಾನಾಗಿ ಕಿವಿಗೊಟ್ಟದ್ದು, ಅದು ಎಷ್ಟೇ ಕರ್ಕಶವಾಗಿರಲಿ, ಸಂಗೀತವಾಗಬಹುದು. ರುಸ್ಸೊಲೊ ಅವರಲ್ಲಿ ನನಗೆ ಕೊರತೆಯೆನಿಸಿದ್ದು ಈ ಒಂದು ವಿವೇಕ. ಅವರು ಕಾರ್ಖಾನೆಯನ್ನು ಹೊರಗೆ ನಿಂತು ಕೇಳಿದರು.

ಆದರೂ ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ಒಳಗೆ ನಿಂತ ನಮ್ಮ ತಂದೆಯವರೂ ಕೇಳುತ್ತಿದ್ದರು. ಆ ಮೊರೆತದ ನಡುವೆ ಯಾವ ಮಗ್ಗದಲ್ಲಿ ಎಳೆ ಕಡಿಯಿತು, ಯಾವ ಲಾಳಿ ಓರೆಯಾಯಿತು ಎಂಬುದನ್ನು ಬೆನ್ನು ತಿರುಗಿಸಿ ನಿಂತೇ ಹೇಳಬಲ್ಲವರಾಗಿದ್ದರು. ಅದನ್ನು ವಿದ್ಯೆಯೆಂದು ಯಾರೂ ಕರೆಯಲಿಲ್ಲ, ನಾನೂ ಕರೆಯಲಿಲ್ಲ. ನಮ್ಮ ಮನೆಯಲ್ಲಿ ಸೋದರತ್ತೆಯದೊಂದು ತಂಬೂರಿಯಿತ್ತು. ಕುದುರೆಯ ಮೇಲೆ ತಂತಿಯ ಕೆಳಗೆ ನೂಲಿನೆಳೆ ಸರಿಸಿ ಕೂರಿಸಿದಾಗ, ಅಲ್ಲಿಯವರೆಗೆ ಮಂಕಾಗಿದ್ದ ದನಿ ಝೇಂಕರಿಸತೊಡಗುತ್ತದೆ. ತಂತಿ ಕುದುರೆಯನ್ನು ಸವರಿ ಎಬ್ಬಿಸುವ ಒಂದಿಷ್ಟು ಜುಮುಗುಟ್ಟುವಿಕೆ ಅದು. ಆ ನೂಲಿಗೆ ಜೀವವೆಂದೇ ಹೆಸರು. ಅತ್ತೆಗೆ ಆ ಎಳೆಯನ್ನು ತಂದುಕೊಡುತ್ತಿದ್ದವರು ನಮ್ಮ ತಂದೆಯವರು.

ಅವರು ಈಗಿಲ್ಲ. ಕಡೆಯ ವರ್ಷಗಳಲ್ಲಿ ಅವರು ಬಾನುಲಿ ಪೆಟ್ಟಿಗೆಯ ಮರದ ಮೇಲೆ ಅಂಗೈ ಇಟ್ಟು ಕೂರುತ್ತಿದ್ದರು. ಮಾತು ತಿಳಿಯದಿದ್ದರೂ ತಾಳ ತಿಳಿಯುತ್ತದೆ ಎನ್ನುತ್ತಿದ್ದರು. ಕಳೆದ ವರ್ಷ ನಾನು ಅಂಥ ಒಂದು ಹಿತ್ತಾಳೆ ಬಿಲ್ಲೆಯನ್ನು ತಂದು, ಅವರು ಉಳಿಸಿಹೋದ ಲಾಳಿಗೆ ಅಂಟಿಸಿ, ಧ್ವನಿವರ್ಧಕಕ್ಕೆ ಜೋಡಿಸಿದೆ. ಲಾಳಿಯ ಮೇಲೆ ಬೆರಳಾಡಿಸಿದಾಗ ಮರದ ಒಳಗಿನಿಂದ ದಪ್ಪನೆಯ ಒಂದು ಮೊರೆತ ಎದ್ದಿತು. ಅವರ ಅಂಗೈಗೆ ಕೇಳಿಸುತ್ತಿದ್ದುದು ಇದೇ ಇರಬೇಕು ಎನಿಸಿತು. ಬಹಳ ಹೊತ್ತು ಕೇಳಿದೆ. ಕಿವಿ ದಣಿದಾಗ ಗುಂಡಿ ತಿರುಗಿಸಿ ನಿಲ್ಲಿಸಿದೆ. ಅವರಿಗೆ ಇಲ್ಲದಿದ್ದ ಆ ಗುಂಡಿ ನನ್ನ ಕೈಯಲ್ಲಿತ್ತು.

ನನ್ನ ಮಾತು ಮುಗಿದ ಮೇಲೆ, ಬೇಸರವಿಲ್ಲದಿದ್ದರೆ, ನಿಮ್ಮ ಪೆಟ್ಟಿಗೆಯ ಮುಳ್ಳನ್ನು ಎರಡು ನಿಲಯಗಳ ನಡುವೆ ನಿಲ್ಲಿಸಿ ಒಂದು ನಿಮಿಷ ಕೇಳಿ ನೋಡಿ. ದನಿ ಸಣ್ಣದಾಗಿಯೇ ಇರಲಿ.

(ಬಾನುಲಿ ಭಾಷಣ)